ಯಂತ್ರಗಳ ಮನೆಯಲ್ಲಿ ಮನುಷ್ಯನಿಗೆಷ್ಟು ಜಾಗ?

ಒಬ್ಬಂಟಿಯಾಗಿ ಕಾರು ಹತ್ತಿ ಹೊರಟು, ದಾರಿಯುದ್ದಕ್ಕೂ ಸಿಗುವ ವಾಹನ ಮತ್ತು ವಿಮಾನ ಸಂಗ್ರಹಾಲಯಗಳನ್ನು ನೋಡುತ್ತಾ ಸಾಗುವುದು ಅಮೆರಿಕದಲ್ಲಿ ಹಲವರಿಗಿರುವ ಹವ್ಯಾಸ. ಜೊತೆಗಾರರಿಲ್ಲದ ಪ್ರವಾಸಿಗೆ ಅವಸರವಿಲ್ಲ. ಒಂದು ಎಂಜಿನ್ನಿನ ಮುಂದೆ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ. ಇಂತಹ ಪಯಣಕ್ಕೆ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಿಂದ ಒಹಾಯೊ ರಾಜ್ಯದ ಡೇಟನ್‌ವರೆಗಿನ ಸುಮಾರು 320 ಕಿಲೋಮೀಟರ್ ದಾರಿ ಹೇಳಿ ಮಾಡಿಸಿದಂತಿದೆ. ಒಂದು ತುದಿಯಲ್ಲಿ ಹೆನ್ರಿ ಫೋರ್ಡ್ 1929ರಲ್ಲಿ ಕಟ್ಟಿದ ಸಂಗ್ರಹಾಲಯ. ಇನ್ನೊಂದು ತುದಿಯಲ್ಲಿ ಅಮೆರಿಕದ ವಾಯುಪಡೆಯ ರಾಷ್ಟ್ರೀಯ ಸಂಗ್ರಹಾಲಯ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮೆದುರು ಒಂದು ಪ್ರಶ್ನೆ ಏಳುತ್ತದೆ. ಯಂತ್ರವನ್ನು ಇಷ್ಟು ಜೋಪಾನವಾಗಿ ಕಾಪಾಡುವವರು, ಅದರೊಳಗೆ ಕುಳಿತವರ ಮತ್ತು ಅದರಿಂದ ನಾಶವಾದವರ ನೆನಪನ್ನು ಎಷ್ಟರ ಮಟ್ಟಿಗೆ ಕಾಪಾಡುತ್ತಾರೆ?

ಡಿಯರ್‌ಬಾರ್ನ್‌ನಲ್ಲಿರುವ ಅತಿ ಸಾಧಾರಣ ವಾಹನವೇ ಅಲ್ಲಿನ ಅತ್ಯಮೂಲ್ಯ ವಸ್ತು ಎಂಬುದು ನಮ್ಮ ಅಭಿಪ್ರಾಯ. ಅದು 1948ರಲ್ಲಿ ತಯಾರಾದ, 2857 ಸಂಖ್ಯೆಯ ನಗರ ಸಾರಿಗೆ ಬಸ್ಸು. ಅಲಬಾಮಾದ ಮಾಂಟ್ಗೊಮರಿ ನಗರದಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯನೊಬ್ಬನಿಗೆ ಆಸನ ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದದ್ದು ಇದೇ ಬಸ್ಸಿನಲ್ಲಿ. ಅದರ ಬೆನ್ನಿಗೇ ಆ ನಗರದ ಕಪ್ಪು ಜನರು 381 ದಿನಗಳ ಕಾಲ ಬಸ್ಸುಗಳನ್ನು ಬಹಿಷ್ಕರಿಸಿದರು. ಸೇವೆಯಿಂದ ಹೊರಬಿದ್ದ ಈ ಬಸ್ಸು ಸುಮಾರು ಮೂವತ್ತು ವರ್ಷ ಹೊಲವೊಂದರಲ್ಲಿ ತುಕ್ಕು ಹಿಡಿಯುತ್ತಾ, ಮರಮುಟ್ಟು ತುಂಬುವ ಕೊಟ್ಟಿಗೆಯಾಗಿ ನಿಂತಿತ್ತು. 2001ರಲ್ಲಿ ಸಂಗ್ರಹಾಲಯವು ಅದನ್ನು ಹರಾಜಿನಲ್ಲಿ 4,92,000 ಡಾಲರಿಗೆ ಕೊಂಡು ದುರಸ್ತಿ ಮಾಡಿಸಿತು. ಈಗ ಬಂದವರು ಅದರೊಳಗೆ ಹತ್ತಿ ಕುಳಿತುಕೊಳ್ಳಬಹುದು. ಆ ಬಸ್ಸಿನ ಅಶ್ವಶಕ್ತಿ ಎಷ್ಟೆಂದು ಯಾರಿಗೂ ಮುಖ್ಯವಾಗುವುದಿಲ್ಲ. ಯಾರು ಎಲ್ಲಿ ಕುಳಿತಿದ್ದರು ಎಂಬುದೇ ಮುಖ್ಯವಾಗುತ್ತದೆ.

ಒಂಟಿ ಪಯಣದ ಸುಖವೂ ಆ ಕಾಲದಲ್ಲಿ ಎಲ್ಲರಿಗೂ ದಕ್ಕುವಂಥದ್ದಾಗಿರಲಿಲ್ಲ. ಸ್ವಂತ ಕಾರಿದ್ದರೂ ಕಪ್ಪು ಜನರು ಎಲ್ಲಿ ಉಣ್ಣಬಹುದು, ಎಲ್ಲಿ ತಂಗಬಹುದು ಎಂದು ತಿಳಿಯಲು, ವಿಕ್ಟರ್ ಗ್ರೀನ್ 1936ರಲ್ಲಿ ಆರಂಭಿಸಿದ ಕೈಪಿಡಿಯನ್ನು ಜೊತೆಗಿಟ್ಟುಕೊಂಡು ಹೊರಡಬೇಕಿತ್ತು.

ಡಿಯರ್‌ಬಾರ್ನ್‌ನಲ್ಲಿ ಮತ್ತೊಂದು ಕಟ್ಟಡವನ್ನೂ ನೋಡಬೇಕು. ಫೋರ್ಡ್ ಕಾರ್ಖಾನೆಯ ಕೆಲಸವನ್ನು ನಂಬಿ ಲೆಬನಾನ್, ಯೆಮನ್ ಮುಂತಾದ ನಾಡುಗಳಿಂದ ಬಂದ ಅರಬರು, ಅವರಲ್ಲಿ ಬಹಳಷ್ಟು ಮುಸ್ಲಿಮರು, ಈ ಊರನ್ನು ತಮ್ಮದಾಗಿಸಿಕೊಂಡರು. ಅವರಂಥ ವಲಸಿಗರ ಬದುಕನ್ನು ಹೇಳುವ ಅರಬ್ ಅಮೆರಿಕನ್ ರಾಷ್ಟ್ರೀಯ ಸಂಗ್ರಹಾಲಯ 2005ರಲ್ಲಿ ಇಲ್ಲಿಯೇ ತೆರೆಯಿತು. ಕಾರುಗಳ ಸಾಲನ್ನು ಮಾತ್ರ ನೋಡಿ ಹೊರಟವನಿಗೆ ಕಾರು ಮಾಡಿದವರ ಕಥೆ ಅರ್ಧವಷ್ಟೇ ಸಿಗುತ್ತದೆ.

ಡಿಯರ್‌ಬಾರ್ನ್ ಮತ್ತು ಡೇಟನ್ ನಗರಗಳನ್ನು ಒಂದು ಸಾವು ಬೆಸೆಯುತ್ತದೆ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಗುಂಡೇಟು ತಿಂದ ಕಾರು ಡಿಯರ್‌ಬಾರ್ನ್‌ನಲ್ಲಿದೆ. ಅವರ ಶವವನ್ನು ಹೊತ್ತು ತಂದ ವಿಮಾನ ಡೇಟನ್‌ನಲ್ಲಿದೆ. ವಿಮಾನದ ಹಿಂಭಾಗದ ಆಸನಗಳನ್ನು ಕಿತ್ತು ಶವಪೆಟ್ಟಿಗೆಗೆ ಜಾಗ ಮಾಡಿದ್ದರು. ಅದರೊಳಗೆ ನಡೆಯುವ ಪ್ರವಾಸಿ ಆ ಇಕ್ಕಟ್ಟಾದ ಜಾಗದಲ್ಲಿ ಸಹಜವಾಗಿಯೇ ಮೌನಿಯಾಗುತ್ತಾನೆ.

ಅದೇ ಸಂಗ್ರಹಾಲಯದಲ್ಲಿ 'ಬಾಕ್ಸ್‌ಕಾರ್' ಎಂಬ ಬಿ-29 ವಿಮಾನವೂ ನಿಂತಿದೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಹಾಕಿದ ವಿಮಾನವಿದು. ಅಂದಿನ ಮೊದಲ ಗುರಿ ಕೊಕುರಾ ನಗರವಾಗಿತ್ತು. ಮೋಡ ಮತ್ತು ಹೊಗೆಯಿಂದ ಗುರಿ ಕಾಣದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಆ ವರ್ಷದ ಕೊನೆಯೊಳಗೆ ಅಲ್ಲಿ ಸತ್ತವರು ಅಂದಾಜು 70,000. ವಿಮಾನ ಥಳಥಳಿಸುತ್ತಿದೆ. ಅದರ ಬಳಿ ಆ ಬಾಂಬಿನ ಮಾದರಿಯೂ ಇದೆ. ನೋಡುವವನ ಕಣ್ಣನ್ನು ತುಂಬುವುದು ಈ ಲೋಹ. ಒಂದು ಶವಪೆಟ್ಟಿಗೆಯ ಜಾಗವನ್ನು ಮರೆಯದೆ ಉಳಿಸಿಕೊಂಡ ಕಟ್ಟಡದಲ್ಲಿ ಎಪ್ಪತ್ತು ಸಾವಿರ ಸಾವುಗಳಿಗೆ ಅಂಥ ಮೌನ ಏಕೆ ಹುಟ್ಟುವುದಿಲ್ಲ?

ಇದು ಡೇಟನ್ ಒಂದರ ಕೊರತೆಯಲ್ಲ. ಹಿರೋಶಿಮಾದ ಮೇಲೆ ಬಾಂಬು ಹಾಕಿದ 'ಎನೋಲಾ ಗೇ' ವಿಮಾನದ ಕಥೆಯೂ ಹೀಗೆಯೇ. ಸ್ಮಿತ್ಸೋನಿಯನ್ ಸಂಸ್ಥೆಯು ಅದರ ಜೊತೆ ಬಾಂಬಿನ ಪರಿಣಾಮವನ್ನೂ ತೋರಿಸುವ ಪ್ರದರ್ಶನಕ್ಕೆ ಸಿದ್ಧವಾದಾಗ ಮಾಜಿ ಯೋಧರ ಸಂಘಟನೆಗಳೂ ರಾಜಕಾರಣಿಗಳೂ ಸಿಡಿದೆದ್ದರು. 1995ರ ಜನವರಿಯಲ್ಲಿ ಯೋಜನೆ ಕೈಬಿಡಲಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. 2003ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ಹೊಸ ಕಟ್ಟಡದಲ್ಲಿ ವಿಮಾನವನ್ನು ಪೂರ್ತಿಯಾಗಿ ನಿಲ್ಲಿಸಿದಾಗ ಫಲಕದಲ್ಲಿ ಅದರ ತಾಂತ್ರಿಕ ವಿವರಗಳಿದ್ದವು, ಸತ್ತವರ ಸಂಖ್ಯೆ ಇರಲಿಲ್ಲ. ಬದುಕುಳಿದ ಜಪಾನಿ ಸಂತ್ರಸ್ತರು ಅಲ್ಲಿಗೇ ಬಂದು ಪ್ರತಿಭಟಿಸಿದರು.

ಬಾಂಬಿನಿಂದ ಯುದ್ಧ ಬೇಗ ಮುಗಿಯಿತು, ಇಲ್ಲವಾದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು ಎಂಬುದು ಆ ಯೋಧರ ವಾದ. ಅದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಇತಿಹಾಸಕಾರರು ಈ ಬಗ್ಗೆ ಇಂದಿಗೂ ಚರ್ಚಿಸುತ್ತಾರೆ. ಆದರೆ ಸಂಗ್ರಹಾಲಯ ತೀರ್ಪು ಕೊಡಬೇಕೆಂದು ಯಾರು ಕೇಳಿದರು? ಸತ್ತವರನ್ನು ಎಣಿಸುವುದು ತೀರ್ಪಲ್ಲ, ಅದು ಕನಿಷ್ಠ ಪ್ರಾಮಾಣಿಕತೆ. ಬಾಂಬು ಹಾಕಿದ್ದನ್ನು ಸಮರ್ಥಿಸುವವರು ಕೂಡ ತಾವು ಸಮರ್ಥಿಸುವುದೇನೆಂದು ತಿಳಿದಿರಬೇಕಲ್ಲವೇ?

ಇದು ಆಗದ ಕೆಲಸವೂ ಅಲ್ಲ. ಯಹೂದಿಯರ ನರಮೇಧದ ಬಗ್ಗೆ ಡೇಟನ್‌ನ ಅದೇ ವಾಯುಪಡೆ ಸಂಗ್ರಹಾಲಯದಲ್ಲಿ ಒಂದು ವಿಭಾಗವಿದೆ. ಅದರಲ್ಲಿ ಆ ಊರಿನ ಸುತ್ತಮುತ್ತ ನೆಲೆಸಿದ, ಬದುಕುಳಿದು ಬಂದವರ ನೆನಪುಗಳಿವೆ. ಅದನ್ನು ಮಾಡಿದವರು ಮೆಚ್ಚುಗೆಗೆ ಅರ್ಹರು. ವಿಮಾನಗಳ ನಡುವೆ ಮನುಷ್ಯರ ಮುಖಗಳಿಗೂ ಜಾಗವಿದೆ ಎಂದು ಅವರು ತೋರಿಸಿಕೊಟ್ಟಿದ್ದಾರೆ. ಶತ್ರು ಕೊಂದವರ ಮುಖಗಳಿಗೆ ಸಿಕ್ಕ ಈ ಜಾಗ, ತಾವು ಕೊಂದವರ ಮುಖಗಳಿಗೂ ಸಿಗಬೇಕು. ಯಾವುದೇ ದೇಶದ ಸಂಗ್ರಹಾಲಯಕ್ಕೂ ಇದೇ ಕಠಿಣ ಪರೀಕ್ಷೆ.

ರೋಸಾ ಪಾರ್ಕ್ಸ್ ಅವರ ಬಸ್ಸನ್ನು ಅಮೆರಿಕನ್ನರು ಹೊಲದಿಂದ ಎತ್ತಿ ತಂದರು. ಅದು ಅವರ ಹೆಮ್ಮೆಯ ವಾಹನವಾಗಿರಲಿಲ್ಲ, ಅವರ ಅನ್ಯಾಯಕ್ಕೆ ಸಾಕ್ಷಿಯಾಗಿತ್ತು. ಆದರೂ ತಂದರು, ತೊಳೆದು ಬೆಳಗಿದರು, ಮಕ್ಕಳನ್ನು ಒಳಗೆ ಕೂರಿಸಿ ಕಥೆ ಹೇಳಿದರು. ಡೇಟನ್‌ನ ಆ ಹೊಳೆಯುವ ವಿಮಾನಕ್ಕೆ ಬೇಕಾದ ಪಾಠ 320 ಕಿಲೋಮೀಟರ್ ಆಚೆ, ಅದೇ ದಾರಿಯ ಇನ್ನೊಂದು ತುದಿಯಲ್ಲಿದೆ.