ಕಾಲೇಜು ಎಂದರೆ ಯಾರು?

ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ದೊಡ್ಡ ಪುಸ್ತಕ. ಅದರ ದಿನಚರಿಯ ಪುಟಗಳು ಕೆಲವೆಡೆ ಬೇಸರ ತರಿಸುತ್ತವೆ, ಸುಳ್ಳೇಕೆ ಹೇಳಲಿ? ಆದರೆ ಮೈಸೂರಿನ ಮಹಾರಾಜ ಕಾಲೇಜು ನನಗೆ ಜೀವಂತವಾದದ್ದು ಆ ಪುಟಗಳಿಂದಲೇ. ಕಟ್ಟಡದಿಂದಲ್ಲ, ಟಿ.ಎಸ್. ವೆಂಕಣ್ಣಯ್ಯನವರಂಥ ಮೇಷ್ಟ್ರಿಂದ. ಅವರು 1939ರಲ್ಲೇ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾದದ್ದು ಅವರಿಗೇ. ಯಾವ ಕಾಲೇಜಿನ ವಾರ್ಷಿಕ ವರದಿಯಲ್ಲಿ ಇಂಥ ಋಣಕ್ಕೆ ಜಾಗವಿದೆ?

ಮೊನ್ನೆ ಪುಣೆಯಲ್ಲಿ ನಾವು ಎಂಟೆಕ್ ಗೆಳೆಯರು ಸೇರಿದ್ದೆವು. ಯಾರಿಗೆ ಎಷ್ಟು ಪ್ಯಾಕೇಜ್ ಸಿಕ್ಕಿತ್ತೆಂಬುದು ಎಲ್ಲರಿಗೂ ಬಾಯಿಪಾಠ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎರಡಕ್ಕೆ ಎದ್ದು ಚಹಾ ಮಾಡಿಕೊಡುತ್ತಿದ್ದ ಮೆಸ್ಸಿನ ಅಣ್ಣನ ಹೆಸರು ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ. ನನಗೂ.