ಎಷ್ಟು ಮಿಲಿಮೀಟರ್, ಯಾರಿಗೆ?

ಮಿಸೊಪ್ರೊಸ್ಟಾಲ್ ಬಂದದ್ದು ಹೊಟ್ಟೆಹುಣ್ಣಿನ ಮಾತ್ರೆಯಾಗಿ. ನೋವಿನ ಗುಳಿಗೆ ನುಂಗುವವರ ಜಠರ ಕೆಡದಿರಲೆಂದು 1988ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಈಗ ಸ್ತ್ರೀರೋಗ ವಿಭಾಗದಲ್ಲಿ ಗರ್ಭಕಂಠವನ್ನು ಮೆದುವಾಗಿಸಬೇಕೆಂದರೆ ಮೊದಲು ನೆನಪಾಗುವುದು ಅದೇ. ಕಾರಣ ಸರಳ: ಅಗ್ಗ, ಫ್ರಿಜ್ ಬೇಡ, ಕೆಲವೇ ಗಂಟೆಗಳಲ್ಲಿ ಕೆಲಸ. ಅದೇ ಕೆಲಸದ ಡೈನೊಪ್ರೊಸ್ಟೋನ್ ಜೆಲ್ಲನ್ನು ತಣ್ಣಗಿಡಬೇಕು, ಬೆಲೆಯೂ ಹೆಚ್ಚು. ಮಿಫೆಪ್ರಿಸ್ಟೋನ್ ನುಂಗಿ ಒಂದೆರಡು ದಿನ ಕಾಯಬೇಕು. ಕಡಲಪಾಚಿಯ ಲ್ಯಾಮಿನೇರಿಯಾ ಕಡ್ಡಿ ನೀರು ಹೀರಿ ಉಬ್ಬಲು ಹಲವು ಗಂಟೆ ಹಿಡಿಯುತ್ತದೆ.

ಶಸ್ತ್ರಕ್ರಿಯೆಯ ಗರ್ಭಪಾತಕ್ಕೆ ಮುನ್ನ ಈ ಮಾತ್ರೆಗೆ ಸಿಕ್ಕಿರುವ ಮನ್ನಣೆ ನ್ಯಾಯವಾದದ್ದೇ. 400 ಮೈಕ್ರೋಗ್ರಾಂ ನಾಲಿಗೆಯಡಿ ಇಟ್ಟರೆ ಒಂದೆರಡು ಗಂಟೆ ಸಾಕು; ಯೋನಿಯಲ್ಲಿಟ್ಟರೆ ಇನ್ನಷ್ಟು ಹೊತ್ತು. ನಾಲಿಗೆಯಡಿಯ ದಾರಿ ಚುರುಕು, ಚಳಿನಡುಕ ವಾಕರಿಕೆಗಳ ಕಾಟವೂ ಅದರಲ್ಲೇ ಜಾಸ್ತಿ. ಈ ಔಷಧಿಗಳ ಹೋಲಿಕೆಯ ಅಧ್ಯಯನಗಳ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರು. ಗರ್ಭಕಂಠ ಹಿಗ್ಗಿಸುವ ಹೆಗಾರ್ ಸಲಾಕೆಗಳಲ್ಲಿ ಎಷ್ಟು ಮಿಲಿಮೀಟರ್ ದಪ್ಪದ್ದು ತಡೆಯಿಲ್ಲದೆ ಒಳಗೆ ಹೋಯಿತು ಎಂಬುದು ಅವುಗಳ ಮುಖ್ಯ ಅಳತೆ. ಅದು ವೈದ್ಯರ ಕೈಗೆ ಸಿಗುವ ಹಗುರ. ಬೆಂಚಿನ ಮೇಲೆ ಕೂತು ಹೊಟ್ಟೆ ಹಿಂಡಿಸಿಕೊಳ್ಳುವ, ರಕ್ತಸ್ರಾವಕ್ಕೆ ಪ್ಯಾಡು ಕೇಳುವ ಹೆಂಗಸಿನ ಹೊತ್ತು 'ಅಡ್ಡಪರಿಣಾಮ' ಎಂಬ ಅಂಕಣದಲ್ಲಿ ಮುದುಡಿ ಕೂರುತ್ತದೆ.

ಮುಟ್ಟು ನಿಂತವರಲ್ಲಂತೂ ಮಾತ್ರೆಯ ಮಹಿಮೆ ಕುಂದುತ್ತದೆ. ಈಸ್ಟ್ರೋಜನ್ ಇಳಿದ ಗರ್ಭಕಂಠ ಅದಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ನಾರ್ವೆಯ ಸಂಶೋಧಕರು ಗರ್ಭಾಶಯದೊಳಗೆ ದರ್ಶಕ ಇಳಿಸಿ ನೋಡುವ ಹಿಸ್ಟರೋಸ್ಕೋಪಿಗೆ ಮುನ್ನ ಎರಡು ವಾರ ಯೋನಿಯಲ್ಲಿ ಈಸ್ಟ್ರಾಡಯಾಲ್ ಇಟ್ಟು, ಆಮೇಲೆ ಮಿಸೊಪ್ರೊಸ್ಟಾಲ್ ಕೊಟ್ಟಾಗ ಹಿಗ್ಗುವಿಕೆ ಸುಧಾರಿಸಿತು. ಅಂದರೆ ಯಾವ ಮಾತ್ರೆ ಎನ್ನುವುದಕ್ಕಿಂತ ಯಾರ ಮೈಗೆ ಎನ್ನುವುದನ್ನು ಮೊದಲು ಕೇಳಬೇಕಿತ್ತು. ಹೊರರೋಗಿ ವಿಭಾಗದಲ್ಲಿ ಸಪೂರ ದರ್ಶಕದಿಂದ ಬರೀ ನೋಡಿಬರುವುದಿದ್ದರೆ ಎಲ್ಲರಿಗೂ ಔಷಧಿ ಬೇಡವೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜೇ ಹೇಳಿದೆ. ಗಡ್ಡೆ ಕತ್ತರಿಸಲು ದಪ್ಪ ಉಪಕರಣ ಹೋಗಬೇಕಾದಲ್ಲಿ ಲೆಕ್ಕ ಬೇರೆ. ಅಲ್ಲಿ ಗರ್ಭಕಂಠ ಹರಿಯುವುದು ತಪ್ಪಿದರೆ ಒಂದಿಷ್ಟು ಹೊಟ್ಟೆನೋವು ಸಹ್ಯ.

ಗರ್ಭ ತಡೆಯುವ ವಂಕಿ ಹಾಕುವಾಗ ಈ ಮಾತ್ರೆ ಕೊಡುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಹೆರದವರಿಗೂ ಅದರಿಂದ ನೋವು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ವಂಕಿ ಒಳಹೋಗುವ ಮೊದಲೇ ಸೆಳೆತ ಶುರುವಾಗುವುದುಂಟು. ಮೊದಲ ಯತ್ನದಲ್ಲಿ ಹಾಕಲಾಗದೆ ಮತ್ತೆ ಬಂದವರಿಗೆ ಅದು ನೆರವಾಗಬಹುದು. ಚೀಟಿ ಬರೆಯುವುದಿದ್ದರೆ ಅವರಿಗೆ.