ತುರುಗೋಳಿನಿಂದ ಶುರುವಾಗುವ ಆಟ

ರೋಲ್‌ಪ್ಲೇ ಆಟಕ್ಕೆ ಕೋಲಾರ ಸೀಮೆಯಲ್ಲಿ ಕಥೆ ಹುಡುಕುವವರು ಮೊದಲು ಒಂದು ವೀರಗಲ್ಲಿನ ಮುಂದೆ ಕೂರಬೇಕು. ಈ ಕಡೆಯ ಹಳೆಯ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ಮೇಲೆ ಒಬ್ಬನೇ ಯೋಧ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕಿರುಗತ್ತಿ, ಮೈಗೆ ನಾಟಿದ ಬಾಣ, ಪಕ್ಕದಲ್ಲಿ ದನಗಳು. ಸುತ್ತ ಬರಹ. ಯಾರ ಆಳ್ವಿಕೆ, ದನ ಹೊಡೆದುಕೊಂಡು ಹೋದವರು ಯಾರು, ಬಿಡಿಸಲು ಹೋಗಿ ಸತ್ತವನು ಯಾರು, ಅವನ ಮನೆಯವರಿಗೆ ಬಿಟ್ಟ ಭೂಮಿ ಎಷ್ಟು, ಆ ಭೂಮಿಗೆ ಕೈ ಹಾಕಿದವನಿಗೆ ಏನು ಶಾಪ.

ಒಂದು ಸಾಹಸಕ್ಕೆ ಬೇಕಾದ್ದೆಲ್ಲ ಇದರಲ್ಲೇ ಇದೆ. ಆದರೂ ನಮ್ಮ ಹುಡುಗರು ಆಡಿಸುವ ಮಧ್ಯಯುಗದಲ್ಲಿ ಇನ್ನೂ ಹಿಮ ಬೀಳುತ್ತದೆ, ಹೆಂಡದಂಗಡಿಯ ಮೂಲೆಯಲ್ಲಿ ಮುಸುಕು ಹೊದ್ದವನೊಬ್ಬ ಕಾದಿರುತ್ತಾನೆ, ಗುಹೆಯೊಳಗೆ ಡ್ರ್ಯಾಗನ್ ಮಲಗಿರುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ತಾವು ಓದಿ ಬೆಳೆದ ಕಥೆಗಳಿಂದ ಲೋಕ ಕಟ್ಟಿದರು. ಅವರಿಗೆ ಅದು ಸಹಜ. ಅದೇ ಆಟದ 2022ರ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಾಡೆಲ್’ ಸಂಪುಟಕ್ಕೆ ಕೋಲ್ಕತ್ತ ಮೂಲದ ಮಿಮಿ ಮಂಡಲ್ ಬಂಗಾಳದ ನೆನಪು ತುಂಬಿದ ಸಾಹಸವೊಂದನ್ನು ಬರೆದಿದ್ದಾರೆ. ರಾಯಲ್ಪಾಡಿನಿಂದಲೂ ಅಂಥದ್ದೊಂದು ಹುಟ್ಟಬೇಕೆಂಬುದು ನನ್ನ ಬಹುದಿನದ ಆಸೆ.

ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಗಡಿ ಹೋಬಳಿ. ಮಾವಿನ ತೋಪುಗಳನ್ನು ದಾಟಿದರೆ ಆಂಧ್ರ, ಆಚೆ ಮದನಪಲ್ಲಿ. ಸಾವಿರ ವರ್ಷದ ಹಿಂದೆ ಈ ನೆಲ ಯಾರ ಕೈಯಲ್ಲೂ ಭದ್ರವಾಗಿ ನಿಂತದ್ದಲ್ಲ. ಕುವಳಾಲಪುರದ ಒಡೆಯರೆಂದು ಕರೆದುಕೊಂಡ ಗಂಗರು ಪಶ್ಚಿಮಕ್ಕೆ; ಕುವಳಾಲವೆಂದರೆ ಇಂದಿನ ಕೋಲಾರ. ಉತ್ತರಕ್ಕೆ ನೊಳಂಬರು, ಮದನಪಲ್ಲಿ ಕಡೆಗೆ ವೈದುಂಬರು, ಕೆಳಗೆ ತಮಿಳು ನಾಡಿನಿಂದ ಮೇಲೇರಿ ಬರುತ್ತಿದ್ದ ಚೋಳರು. ನಡುವೆ ರಾಜ್ಯ ಕಳೆದುಕೊಂಡ ಬಾಣರು. ಇಂಥ ಕಡೆ ತುರುಗೋಳು, ಅಂದರೆ ದನ ಹೊಡೆದೊಯ್ಯುವುದು, ಬರೀ ಕಳ್ಳತನವಲ್ಲ, ಯುದ್ಧಕ್ಕೆ ಕೊಟ್ಟ ವೀಳ್ಯ.

ಆಟಕ್ಕೆ ನಾನು ಆರಿಸಿಕೊಂಡಿರುವ ವರ್ಷ ಕ್ರಿ.ಶ. 949. ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಆ ಕಾಳಗದಲ್ಲೇ ಮಡಿದ. ಗೆದ್ದ ಪಡೆಯ ಕೆಲವು ಆಳುಗಳು ಮಳೆಗಾಲದ ಮೊದಲು ಊರು ಸೇರಲೆಂದು ಈ ಸೀಮೆ ಹಾದು ಹೊರಟಿದ್ದಾರೆ. ಆಟಗಾರರ ಪಾತ್ರಗಳು ಅವರೇ. ಕೈಯಲ್ಲಿ ಆಯುಧವಿದೆ, ಗಂಟಿನಲ್ಲಿ ಬುತ್ತಿಯಿಲ್ಲ.

ಆ ಗೆಲುವಿನ ಕಥೆ ಹೇಳುವ ಆತಕೂರಿನ ಶಾಸನ ಕನ್ನಡದ ಪ್ರತಿ ಗೇಮ್ ಮಾಸ್ಟರ್ ಓದಲೇಬೇಕಾದದ್ದು. ಮದ್ದೂರು ತಾಲ್ಲೂಕಿನ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಮೆಚ್ಚುವಂತೆ ಕಾದಾಡಿದ ಬೂತುಗನ ಬಂಟ ಮಣಲೆರನಿಗೆ ‘ಏನು ಬೇಕೋ ಬೇಡು’ ಎಂಬ ಮಾತು ಸಿಕ್ಕಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಕಟ್ಟು ಹಾಕಿದರು.

ಎಂಥ ಕಟ್ಟು! ಇದನ್ನು ರಾಯಲ್ಪಾಡಿನ ನೆಲಕ್ಕೆ ತಂದುಕೊಳ್ಳಿ. ಊರಿಗೆ ಕಲ್ಪನೆಯ ಹೆಸರಿಡಿ. ಕೆರೆ ಏರಿಯ ಮೇಲೆ ಕಲ್ಲೊಂದಿದೆ. ದಿನಾ ಅದಕ್ಕೆ ನೀರೆರೆಯುವ ಗೊರವ ಮೂರು ದಿನದಿಂದ ಕಾಣೆ. ಅವನನ್ನು ಯಾರೂ ಕೊಂದಿಲ್ಲ. ಹಸಿವು ತಾಳಲಾರದೆ ಪೂಜೆಗೆ ಮುಂಚೆ ಉಂಡು, ಶಾಪಕ್ಕೆ ಹೆದರಿ ಓಡಿಹೋಗಿದ್ದಾನೆ. ಆ ರಾತ್ರಿಯಿಂದ ಏರಿಯ ಮೇಲೆ ನಾಯಿಯೊಂದು ಓಡಾಡುತ್ತಿದೆ. ಅದಕ್ಕೆ ನೆರಳಿಲ್ಲ. ದನಗಳು ನೀರಿಗೆ ಇಳಿಯುತ್ತಿಲ್ಲ. ಕತ್ತಿ ಹಿರಿದು ಮುಗಿಸುವ ತೊಂದರೆ ಇದಲ್ಲ ಎಂದು ಆಟಗಾರರಿಗೆ ಮೊದಲ ಗಂಟೆಯಲ್ಲೇ ತಿಳಿಯಬೇಕು. ಗೊರವನನ್ನು ಹುಡುಕಬೇಕು, ಕಲ್ಲಿಗೆ ಬಿಟ್ಟ ಭೂಮಿಯ ಬೆಳೆ ಯಾರ ಕಣಜ ಸೇರುತ್ತಿದೆ ಎಂದು ಪತ್ತೆ ಹಚ್ಚಬೇಕು. ಗೊರವನ ಹಸಿವಿನ ಬೇರು ಆ ಕಣಜದಲ್ಲಿದೆ. ನಮ್ಮ ನೆಲದ ಫ್ಯಾಂಟಸಿ ಹೀಗೆ ಋಣದಿಂದ ಹುಟ್ಟಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಭೂತ ಬರುವುದು ಮಾತು ತಪ್ಪಿದಲ್ಲಿಗೆ.

ಎದುರಾಳಿ ಬೇಕಲ್ಲ ಎನ್ನುವವರಿಗೆ ಬಾಣರಿದ್ದಾರೆ. ತಾವು ಮಹಾಬಲಿಯ ಕುಲದವರು, ಪರಮೇಶ್ವರನನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡವನ ವಂಶದವರು ಎಂದು ಶಾಸನಗಳಲ್ಲಿ ಹೆಮ್ಮೆಯಿಂದ ಬರೆಸಿಕೊಂಡ ಮನೆತನವದು. ಹತ್ತನೇ ಶತಮಾನದ ಆರಂಭದಲ್ಲಿ ಚೋಳರ ಮೊದಲನೇ ಪರಾಂತಕ ಅವರ ರಾಜ್ಯ ಕಿತ್ತುಕೊಂಡ. ಅಸುರ ಚಕ್ರವರ್ತಿಯ ಮೊಮ್ಮಗನೊಬ್ಬ ಈಗ ಇಪ್ಪತ್ತು ಆಳು ಕಟ್ಟಿಕೊಂಡು ಗಡಿಯ ಗುಡ್ಡಗಳಲ್ಲಿದ್ದಾನೆ, ದನ ಹೊಡೆದು ಬದುಕುತ್ತಿದ್ದಾನೆ ಎಂದು ಕಲ್ಪಿಸಿಕೊಳ್ಳಿ. ಅವನನ್ನು ಖಳನಾಗಿ ಬರೆದರೆ ಕಥೆ ಸಪ್ಪೆಯಾಗುತ್ತದೆ. ಚೋಳರನ್ನು ಗೆದ್ದು ಬಂದವರ ಎದುರು ಚೋಳರಿಂದಲೇ ಮನೆ ಕಳೆದುಕೊಂಡವನು ನಿಲ್ಲುತ್ತಾನೆ. ಸಂಧಿಯ ದಾರಿ ತೆರೆದಿಡಿ.

ಸಂಧಿಗೆ ಸಾಕ್ಷಿ ಬೇಕಾದರೆ ಆವಣಿಗೆ ಹೋಗಲಿ. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಜನ ನಂಬುವ ಬೆಟ್ಟ ಅದು. ನೆತ್ತಿಯಲ್ಲಿ ಸೀತೆಯ ಗುಡಿ. 961ರ ಶಾಸನವೊಂದು ಅಲ್ಲಿನ ತ್ರಿಭುವನಕರ್ತನೆಂಬ ಶೈವ ಗುರು ನಲವತ್ತು ವರ್ಷ ಆವಣಿಯನ್ನು ನಡೆಸಿ, ಐವತ್ತು ದೇವಾಲಯ, ಎರಡು ದೊಡ್ಡ ಕೆರೆ ಕಟ್ಟಿಸಿದ ಎನ್ನುತ್ತದೆ. ಲೆಕ್ಕ ಹಾಕಿದರೆ 949ರಲ್ಲಿ ಆತ ಅಲ್ಲೇ ಇದ್ದಾನೆ. ಕೆರೆ ಕಟ್ಟಿಸುವವನಿಗೆ ಕೂಲಿಯಾಳು ಬೇಕು, ಬಾಣನ ಇಪ್ಪತ್ತು ಜನಕ್ಕೆ ಅನ್ನ ಬೇಕು. ಉಳಿದದ್ದು ಆಟಗಾರರ ಬಾಯಿಚಳಕ.

ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳು ಕಚ್ಚದೆಂದು ಇಂದಿಗೂ ಜನ ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಇದನ್ನು ಕೇಳಿದ ಕೂಡಲೇ ಹೊಸಬರು ಆರು ಆಳೆತ್ತರದ ಚೇಳುರಾಣಿಯನ್ನು ಬರೆದು ಹಿಟ್ ಪಾಯಿಂಟ್ ಕೊಟ್ಟುಬಿಡುತ್ತಾರೆ. ಬೇಡ. ಅವಳು ಯಾರದೋ ಮನೆಯ ಹರಕೆಯ ತಾಯಿ. ಆಟದಲ್ಲಿ ಅವಳು ಷರತ್ತು ಹಾಕಬಹುದು, ಕಾಯಬಹುದು, ಕೈ ಬಿಡಬಹುದು. ಸೋಲಿಸಲು ಬರಬಾರದು. ಅಂದಹಾಗೆ, ರಾಜೇಂದ್ರ ಚೋಳನ ಕಾಲದಲ್ಲಿ ಆ ಗುಡಿಯ ಇಟ್ಟಿಗೆಯ ಭಾಗವನ್ನು ಕಲ್ಲಿನಲ್ಲಿ ಕಟ್ಟಿದರೆಂದು ಅಲ್ಲಿನ ಶಾಸನ ಹೇಳುತ್ತದೆ. ನಮ್ಮ ಆಟದಲ್ಲಿ ಅದು ಇನ್ನೂ ಇಟ್ಟಿಗೆ.

ಇಂಥ ಸಣ್ಣ ಎಚ್ಚರಗಳೇ ಲೋಕವನ್ನು ನಿಲ್ಲಿಸುತ್ತವೆ. ಶ್ರೀನಿವಾಸಪುರ ಎಂದು ನಕ್ಷೆಯಲ್ಲಿ ಬರೆಯಬೇಡಿ. ಪಾಪನಪಲ್ಲಿಗೆ ತನ್ನ ಮಗನ ಹೆಸರಿಟ್ಟದ್ದು ದಿವಾನ್ ಪೂರ್ಣಯ್ಯ. ಇಂದು ಕೋಲಾರದ ಹೆಸರು ಹೇಳಿದರೆ ಟೊಮೆಟೊ ನೆನಪಾಗುತ್ತದೆ, ಆದರೆ 949ರ ಸಾರಿನಲ್ಲಿ ಟೊಮೆಟೊ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಕರಿಮೆಣಸು, ಹುಳಿಗೆ ಹುಣಸೆ.

ದಾಳದ ವಿಚಾರಕ್ಕೆ ಬಂದರೆ ನಾನು ಕವಡೆಯ ಪಕ್ಷ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಅಂಕಿಗೂ ನೂರಕ್ಕೆ ಐದರ ಅವಕಾಶ. ಅದ್ಭುತವೂ ಅನಾಹುತವೂ ಅಡಿಗಡಿಗೆ ಬರುತ್ತವೆ. ಚೌಕಾಬಾರದ ನಾಲ್ಕು ಕವಡೆ ಎಸೆಯಿರಿ. ಕವಡೆಗಳು ಸಮತೂಕದವಾದರೆ ಹದಿನಾರು ಬಗೆಯ ಬೀಳಿನಲ್ಲಿ ಎರಡು ಬೀಳುವುದು ಆರು, ಒಂದು ಮತ್ತು ಮೂರು ತಲಾ ನಾಲ್ಕು, ನಾಲ್ಕೂ ಅಂಗಾತ ಬೀಳುವ ಚೌಕ ಒಂದೇ, ನಾಲ್ಕೂ ಬೋರಲು ಬೀಳುವ ಬಾರ ಒಂದೇ. ಬದುಕಿನ ಬಹುಪಾಲು ಕೆಲಸ ಎರಡರಲ್ಲೇ ಸಾಗುತ್ತದೆ. ಬಾರ ಬಿದ್ದಾಗ ಮೇಜಿನ ಸುತ್ತ ಎಲ್ಲರೂ ಎದ್ದು ನಿಲ್ಲುತ್ತಾರೆ. ನಿಜವಾದ ಕವಡೆಗೆ ಅದರದೇ ಓಲುವಿಕೆ ಇರುತ್ತದೆ, ನಿಮ್ಮ ಜತೆಯದನ್ನು ಮೊದಲು ಎಸೆದು ನೋಡಿಕೊಳ್ಳಿ. ಪುರಾಣದಿಂದ ಗಂಜೀಫಾ ಆಟಗಳನ್ನೇ ಹೊಸದಾಗಿ ಹೆಣೆದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡು ನಮ್ಮದು. ಆಟದ ಸಲಕರಣೆಗೆ ಹೊರಗೆ ಕೈಚಾಚಬೇಕಿಲ್ಲ.

ಭಾಷೆಯನ್ನೂ ಆಟಕ್ಕೆ ಎಳೆಯಿರಿ. ಒಬ್ಬ ಪಾತ್ರಧಾರಿಗೆ ಕನ್ನಡ, ಒಬ್ಬಳಿಗೆ ತೆಲುಗು, ಮತ್ತೊಬ್ಬನಿಗೆ ತಮಿಳು ಮಾತ್ರ ಓದಲು ಬರಲಿ. ಗಡಿಯ ಕಲ್ಲುಗಳು ಮೂರರಲ್ಲೂ ಇರಲಿ.

ಕೊನೆಯ ಸರದಿಯಲ್ಲಿ ಯಾರೋ ಒಬ್ಬರು ಸತ್ತಿರುತ್ತಾರೆ. ಕಲ್ಲು ನಿಲ್ಲಿಸುವ ಹೊಣೆ ಆಟಗಾರರದು. ಕೆರೆಯ ತೂಬಿನ ಕೆಳಗಿನ ಗದ್ದೆ ಇರುವುದು ಒಂದೇ. ಅದು ಸತ್ತ ಯೋಧನ ಹೆಂಡತಿಗೋ, ದನ ಕಾಯುತ್ತಿದ್ದು ಜತೆಯಲ್ಲೇ ಸತ್ತ ಹುಡುಗನ ತಾಯಿಗೋ, ಗೊರವನಿಗೋ? ಬರಹವನ್ನು ಅವರೇ ಬರೆಯಲಿ, ಹಾಳೆಯನ್ನು ನೀವು ಜೋಪಾನವಾಗಿಡಿ. ಮುಂದಿನ ಕ್ಯಾಂಪೇನ್ ಚೋಳರು ತಲಕಾಡು ಹಿಡಿದ 1004ರ ಸುಮಾರಿಗೆ. ಹೊಸ ಆಳ್ವಿಕೆಯ ಕರಣಿಕನೊಬ್ಬ ಊರಿಗೆ ಬಂದು ಆ ಗದ್ದೆಗೆ ಸಾಕ್ಷಿ ಕೇಳುತ್ತಾನೆ. ಆಟಗಾರರು ಈಗ ಆ ಮನೆಗಳ ಮೊಮ್ಮಕ್ಕಳು, ಕರಣಿಕನಿಗೆ ಕನ್ನಡ ಬರುವುದಿಲ್ಲ.